ಹಳೆಯ ಕೊಟ್ಟಿಗೆ ಕೆಡವಲು ಗುತ್ತಿಗೆ ಕೊಡುವ ಮುನ್ನ

ಶಿರಸಿ, ಸಿದ್ದಾಪುರದ ಕಡೆ ಹಳೆಯ ಕೊಟ್ಟಿಗೆ ಕೆಡವಿಸುವ ಖರ್ಚನ್ನು ಕೂಲಿಗಿಂತ ಹೆಚ್ಚಾಗಿ ಅದರಲ್ಲಿರುವ ಮರ, ಹಂಚು, ಕಲ್ಲುಗಳೇ ನಿರ್ಧರಿಸುತ್ತವೆ. “ಹೆಗಡೇರೇ, ದುಡ್ಡೇನೂ ಬೇಡ, ಸಾಮಾನು ನಮಗೆ ಬಿಡಿ” ಎನ್ನುವ ಗುತ್ತಿಗೆದಾರರು ಆ ಲೆಕ್ಕವನ್ನು ಹಾಕಿಕೊಂಡೇ ಬಂದಿರುತ್ತಾರೆ. ಆದ್ದರಿಂದ ಅವರನ್ನು ಕರೆಯುವ ಮೊದಲು ಪರಿಚಯದ ಬಡಗಿಯೊಬ್ಬರಿಂದ ತೊಲೆ, ಕಂಬ, ಪಕಾಸಿಗಳನ್ನು (ಮಾಡಿನ ಇಳಿಜಾರಿನ ಮರಗಳನ್ನು) ಎಣಿಸಿ, ಯಾವುದು ಸಾಗವಾನಿ, ಯಾವುದು ಹೊನ್ನೆ, ಯಾವುದು ಮತ್ತಿ ಎಂದು ಪಟ್ಟಿ ಮಾಡಿಸಿ. ಗಂಜಲ ತಾಗಿ ಬುಡ ಕೊಳೆತ ಕಂಬವೂ ಮೇಲ್ಭಾಗದಲ್ಲಿ ಗಟ್ಟಿಯಾಗಿರುವುದುಂಟು. ಅದನ್ನು ಸೌದೆಯ ಲೆಕ್ಕಕ್ಕೆ ಸೇರಿಸಬೇಡಿ. ಕೆಂಪುಕಲ್ಲಿನ ಗೋಡೆಯನ್ನು ಮಣ್ಣಿನಲ್ಲಿ ಕಟ್ಟಿದ್ದರೆ ಕಲ್ಲುಗಳು ಇಡಿಯಾಗಿ ಬಿಟ್ಟುಬರುತ್ತವೆ, ಸಿಮೆಂಟಿನಲ್ಲಿ ಕಟ್ಟಿದ್ದರೆ ಬಹಳಷ್ಟು ಒಡೆಯುತ್ತವೆ.

ಕೊಟ್ಟಿಗೆ ಪಾಲುಪಟ್ಟಿಯಲ್ಲಿ, ಅಂದರೆ ಆಸ್ತಿ ಹಂಚಿಕೆಯ ಪತ್ರದಲ್ಲಿ, ಯಾರ ಹೆಸರಿಗಿದೆ ಎಂಬುದನ್ನೂ ನೋಡಿಕೊಳ್ಳಿ. ಹಿಸ್ಸೆಯಾಗದ ಆಸ್ತಿಯಾಗಿದ್ದರೆ ಬೆಂಗಳೂರಿನಲ್ಲಿರುವ ತಮ್ಮನಂಥ ಪಾಲುದಾರರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯುವುದು ಲೇಸು. ಗ್ರಾಮ ಪಂಚಾಯತಿಗೆ ತಿಳಿಸಿ, ವಿದ್ಯುತ್ ಸಂಪರ್ಕವಿದ್ದರೆ ವಿದ್ಯುತ್ ಕಂಪನಿ ಹೆಸ್ಕಾಂನವರಿಂದ ಅಧಿಕೃತವಾಗಿ ಕಡಿತ ಮಾಡಿಸಿ. ಮರ ಹಳೆಯದಾದರೂ ಸಾಗವಾನಿ, ಬೀಟೆಯಂಥ ನಾಟಾವನ್ನು ಹೊರಗೆ ಸಾಗಿಸುವುದಿದ್ದರೆ ರಹದಾರಿಯ (ಸಾಗಣೆ ಪರವಾನಗಿಯ) ವಿಚಾರವನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು.

ಕರಾರು ಒಂದೇ ಪುಟದ್ದಾದರೂ ಸಾಕು, ಆದರೆ ಬಾಯಿಮಾತಿನದಾಗಿರಬಾರದು. ಯಾವ ಸಾಮಾನು ಯಾರಿಗೆ, ಇಳಿಸುವಾಗ ಒಡೆದ ಹಂಚಿನ ನಷ್ಟ ಯಾರದು, ಮಣ್ಣು ಮತ್ತು ಚೂರುಗಳನ್ನು ಎಲ್ಲಿಗೆ ಹಾಕುವುದು, ಕೆಲಸಗಾರರಿಗೆ ವಿಮೆ ಇದೆಯೇ, ಜೆಸಿಬಿಯ ಗಂಟೆಯನ್ನು ಅದು ತನ್ನ ಜಾಗದಿಂದ ಹೊರಟಾಗಿನಿಂದ ಎಣಿಸುವುದೋ ಕೆಲಸ ಶುರುವಾದಾಗಿನಿಂದಲೋ ಎಂಬುದನ್ನೆಲ್ಲ ಅದರಲ್ಲಿ ಬರೆಸಿ ಸಹಿ ಪಡೆಯಿರಿ. ಗುತ್ತಿಗೆದಾರರು ಹಿಂದೆ ಕೆಡವುವ ಕೆಲಸ ಮಾಡಿಕೊಟ್ಟ ಒಂದೆರಡು ಮನೆಯವರನ್ನು ವಿಚಾರಿಸಿದರೆ, ಈ ಗುತ್ತಿಗೆದಾರರ ಕೈಯಲ್ಲಿ ಎಷ್ಟು ಹಂಚು ಒಡೆಯದೆ ಉಳಿಯಿತೆಂಬುದು ತಿಳಿಯುತ್ತದೆ.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಆಳು ಸಿಗುವುದು ಕಷ್ಟ. ಸಿಕ್ಕರೂ ಒಣಹಾಕಿದ ಅಡಿಕೆಯ ಮೇಲೆ ಧೂಳು ಕೂರುತ್ತದೆ. ಮಾರ್ಚಿನಿಂದ ಮೇ ಮಧ್ಯದವರೆಗೆ ಒಳ್ಳೆಯ ಕಾಲ. ಹಂಚು ಇಳಿಸಿದ ಮೇಲೆ ಮಳೆ ಹಿಡಿದರೆ ಮಣ್ಣಿನ ಗೋಡೆ ನೆನೆದು, ನಿರೀಕ್ಷಿಸದ ಕಡೆಗೆ ಕುಸಿಯುತ್ತದೆ.

ಎಲ್ಲವನ್ನೂ ಜೆಸಿಬಿಯಿಂದ ದೂಡಿಸುವುದು ಅಗ್ಗವೆನಿಸಬಹುದು. ನನ್ನ ದೃಷ್ಟಿಯಲ್ಲಿ ಅದು ಮರವನ್ನು ಮುರಿಯಲು ಹಣ ಕೊಟ್ಟಂತೆ. ಹಂಚು, ರೀಪು (ಹಂಚು ಕೂರುವ ಮರದ ಪಟ್ಟಿ), ಪಕಾಸಿ, ತೊಲೆ ಈ ಕ್ರಮದಲ್ಲಿ ಕೈಯಿಂದಲೇ ಇಳಿಸಲಿ. ಇಲ್ಲಿಯ ಅನೇಕ ಕೊಟ್ಟಿಗೆಗಳು ಮನೆಗೆ ಅಂಟಿಕೊಂಡಿರುವುದರಿಂದ ಕೂಡುಗೋಡೆಯನ್ನೂ ಕೈಯಿಂದಲೇ ಬಿಡಿಸಬೇಕು. ಸಿಮೆಂಟ್ ಶೀಟುಗಳಿದ್ದರೆ ಅವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ನೀರು ಚಿಮುಕಿಸಿ, ಒಡೆಯದಂತೆ ಇಳಿಸಲು ಹೇಳಿ. ಯಂತ್ರ ಬರುವ ಮೊದಲು ಗೋಬರ್ ಗ್ಯಾಸಿನ ಗುಂಡಿ, ಬಾವಿ ಮತ್ತು ನೆಲದಡಿಯ ನೀರಿನ ಪೈಪುಗಳ ಸುತ್ತ ಗೂಟ ಹೊಡೆದು ಹಗ್ಗ ಕಟ್ಟಿಡಿ. ಗುಂಡಿಯ ಗುಮ್ಮಟ ಜೆಸಿಬಿಯ ಭಾರವನ್ನು ತಡೆಯಲಾರದು. ಪಾಯದ ಕಲ್ಲು ಎಬ್ಬಿಸುವಾಗ ಹಾವು ಕಂಡರೆ ಕೆಲಸ ನಿಲ್ಲಿಸಿ, ಹಿಡಿಯಬಲ್ಲವರನ್ನು ಕರೆಸಬೇಕು.

ಮುಂಗಡ ಕಡಿಮೆಯಿರಲಿ, ಕೊನೆಯ ಕಂತು ದೊಡ್ಡದಿರಲಿ. ಅದನ್ನು ಕೊಡುವ ಮುನ್ನ ಮೊಳೆ, ತಂತಿಯ ಚೂರುಗಳನ್ನೆಲ್ಲ ಆರಿಸಿದ್ದಾರೆಯೇ ಎಂದು ನೀವೇ ನಡೆದು ನೋಡಿ. ದನ ಮೇವಿನೊಡನೆ ನುಂಗಿದ ಮೊಳೆ ಹೊಟ್ಟೆಯಿಂದ ಹೃದಯದವರೆಗೂ ಚುಚ್ಚಿಕೊಂಡು ಹೋಗಬಹುದು.