ಕಲ್ಲಿನೊಳಗಿನ ಪಾಚಿ: ನನ್ನ 22 ವರ್ಷದ ಹುಡುಕಾಟ

ನಾನು ಓದಿದ್ದು ಬಾಟನಿ. ಎಂ.ಎಸ್ಸಿ. ಮುಗಿಯುವವರೆಗೂ ಕೈಯಲ್ಲಿ ಇದ್ದದ್ದು ಎಲೆ, ಹೂವು, ಬೇರು. ಈಗ ನನ್ನ ಮೇಜಿನ ಮೇಲೆ ಹಸಿರಿನ ಸುಳಿವೇ ಇಲ್ಲ. ಕಲ್ಲು, ಕಲ್ಲು ಕೊಯ್ದ ಬಿಲ್ಲೆ, ಆ ಬಿಲ್ಲೆ ಅಂಟಿಸಿದ ಗಾಜಿನ ಸ್ಲೈಡು. "ಗಿಡ ಓದಿದವಳು ಕಲ್ಲು ಯಾಕೆ ಒಡೀತೀಯೇ?" ಅಂತ ಅಮ್ಮ ಈಗಲೂ ಕೇಳುತ್ತಾಳೆ.

ನಾನು ಅವಳಿಗೆ ಹೇಳುವುದು ಇಷ್ಟು. ಭೂಮಿಗೆ ಸುಮಾರು 454 ಕೋಟಿ ವರ್ಷ ವಯಸ್ಸು. ಗಿಡ ನೀರು ಬಿಟ್ಟು ನೆಲಕ್ಕೆ ಬಂದು ಹೆಚ್ಚು ಕಡಿಮೆ 47 ಕೋಟಿ ವರ್ಷ ಆಗಿದೆ. ಅದಕ್ಕೂ ಮುಂಚೆ ಬಿಸಿಲು ಉಂಡು ಬದುಕಿದ್ದು ಹೆಚ್ಚಾಗಿ ಬರಿಗಣ್ಣಿಗೆ ಕಾಣದ ಜೀವಿಗಳು. ನಮ್ಮ ಬಾಟನಿ ಪುಸ್ತಕದಲ್ಲಿ ಅವಕ್ಕೆ ನೀಲಿ-ಹಸಿರು ಪಾಚಿ ಅನ್ನುತ್ತಿದ್ದರು. ಈಗ ಸಯನೋಬ್ಯಾಕ್ಟೀರಿಯಾ ಅನ್ನುತ್ತಾರೆ. ಸುಮಾರು 240 ಕೋಟಿ ವರ್ಷದ ಹಿಂದೆ ಗಾಳಿಯಲ್ಲಿ ಆಮ್ಲಜನಕ ನಿಲ್ಲಲು ಶುರುವಾಯಿತಲ್ಲ, ಅದು ಇವುಗಳ ಕೆಲಸ. ಅಮ್ಮ ಎಳೆಯುವ ಉಸಿರಿನ ಮೊದಲ ಕಂತು ಕಟ್ಟಿದವು ಅವು. ಗಿಡದ ಕಥೆ ಬೇಕು ಅಂದರೆ ಅಲ್ಲಿಂದಲೇ ಹಿಡಿಯಬೇಕು, ಅಲ್ವಾ?

ನನ್ನನ್ನು ಈ ದಾರಿಗೆ ಎಳೆದದ್ದು ಹಿರಿಯೂರು ಹತ್ತಿರದ ಮಾರಿಕಣಿವೆ. ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಎಲ್ಲರಿಗೂ ಗೊತ್ತು. ಅಲ್ಲಿನ ಗುಡ್ಡಗಳ ಕಲ್ಲು 260 ಕೋಟಿ ವರ್ಷದಷ್ಟು ಹಳೆಯದು, ಅದರಲ್ಲಿ ಪಾಚಿ ಕಟ್ಟಿದ ಮನೆಗಳಿವೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಭೂವಿಜ್ಞಾನಿಗಳು ಆ ಶಿಲಾಸ್ತರವನ್ನು ವಾಣಿವಿಲಾಸ ಫಾರ್ಮೇಶನ್ ಅಂತಲೇ ಕರೆಯುತ್ತಾರೆ.

ಮೊದಲ ಸಲ ಹೋದಾಗ ಬೆಳಗಿನಿಂದ ಮಧ್ಯಾಹ್ನದವರೆಗೆ ನನಗೆ ಏನೂ ಕಾಣಲಿಲ್ಲ. ಬೂದು ಬಣ್ಣದ ಸುಣ್ಣದಕಲ್ಲು, ಮೇಲೆ ಧೂಳು. ಜೊತೆಗಿದ್ದ ಸೀನಿಯರ್ ಒಬ್ಬರು ಬಾಟಲಿಯ ನೀರನ್ನು ಕಲ್ಲಿನ ಮೇಲೆ ಸುರಿದರು. ಒಣಕಲ್ಲು ಒದ್ದೆಯಾದ ಕೂಡಲೇ ಗೆರೆಗಳು ಎದ್ದು ಬಂದವು. ಬಾಂಡ್ಲಿಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಪೇರಿಸಿದ ಹಾಗೆ, ಕಮಾನಿನ ಮೇಲೆ ಕಮಾನು. ಎರಡು ನಿಮಿಷದಲ್ಲಿ ಬಿಸಿಲಿಗೆ ನೀರು ಆರಿತು, ಗೆರೆಗಳೂ ಮಾಯ. ನಾನು ನನ್ನ ಬಾಟಲಿಯನ್ನೂ ಸುರಿದೆ. ಸಂಜೆವರೆಗೆ ಕುಡಿಯಲು ನೀರಿರಲಿಲ್ಲ.

ಇದಕ್ಕೆ ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆ. ತಿಳಿನೀರಿನ ತಳದಲ್ಲಿ ಪಾಚಿ ಚಾಪೆಯ ಹಾಗೆ ಹರಡುತ್ತದೆ. ಮೈಯೆಲ್ಲ ಲೋಳೆ. ಆ ಲೋಳೆಗೆ ಸಣ್ಣ ಮಣ್ಣು ಅಂಟುತ್ತದೆ, ಸುಣ್ಣವೂ ಕೂರುತ್ತದೆ. ಬಿಸಿಲು ಬೇಕಲ್ಲ, ಪಾಚಿ ಆ ಪದರ ದಾಟಿ ಮೇಲೆ ಬಂದು ಹೊಸ ಚಾಪೆ ಹಾಸುತ್ತದೆ. ಹೀಗೆ ಪದರದ ಮೇಲೆ ಪದರ. ಆಸ್ಟ್ರೇಲಿಯಾದ ಶಾರ್ಕ್ ಬೇ ಅನ್ನುವಲ್ಲಿ ಇವತ್ತಿಗೂ ಬೆಳೆಯುತ್ತಿವೆ. ಅಲ್ಲಿನ ನೀರು ಸಮುದ್ರದ ಎರಡರಷ್ಟು ಉಪ್ಪು, ಹಾಗಾಗಿ ಪಾಚಿ ಮೇಯುವ ಬಸವನಹುಳುಗಳ ಕಾಟ ಕಡಿಮೆ. ಆದರೂ ವರ್ಷಕ್ಕೆ ಅರ್ಧ ಮಿಲಿಮೀಟರ್ ಕೂಡ ಏರುವುದಿಲ್ಲ. ಮಾರಿಕಣಿವೆಯಲ್ಲಿ ಮೊಣಕಾಲೆತ್ತರದ ಕಲ್ಲಿನ ಮುಂದೆ ಕೂತು ಈ ಲೆಕ್ಕ ಹಾಕಿದಾಗ ನನಗೆ ಮಾತು ನಿಂತುಹೋಯಿತು.

ಅವತ್ತು ಕುರಿ ಕಾಯುವ ಅಜ್ಜ ಒಬ್ಬರು ದೂರದಿಂದ ನೋಡುತ್ತಿದ್ದರು. ಆಮೇಲೆ ಹತ್ತಿರ ಬಂದು ಕೇಳಿದರು. "ಏನವ್ವ, ಚಿನ್ನ ಐತಾ ಇದರಾಗೆ?"

"ಇಲ್ಲ ಅಜ್ಜ. ಪಾಚಿ."

ಅವರು ನಂಬಲಿಲ್ಲ. ಸುತ್ತಿಗೆ ಹಿಡಿದು ಬಂದವರು ಗಣಿಯವರೇ ಅನ್ನುವುದು ಆ ಕಡೆಯ ಅನುಭವ. ತಪ್ಪೇನಿಲ್ಲ.

ಮನೆ ಸಿಕ್ಕಿತು, ಮನೆಯಲ್ಲಿದ್ದವರು ಎಲ್ಲಿ? ನನ್ನ ಪಿಎಚ್.ಡಿ. ಈ ಪ್ರಶ್ನೆಯ ಮೇಲೆ ನಿಂತಿತ್ತು. ಸುಣ್ಣದಕಲ್ಲು ಕಾಲಕ್ರಮದಲ್ಲಿ ಹರಳುಗಟ್ಟಿ ಒಳಗಿನ ಕೋಶಗಳನ್ನು ಅಳಿಸಿಬಿಡುತ್ತದೆ. ಚರ್ಟ್ ಹಾಗಲ್ಲ. ಅದು ಚಕಮಕಿ ಕಲ್ಲಿನ ಜಾತಿ, ಬರೀ ಸಿಲಿಕ. ಕೋಶ ಕೊಳೆಯುವ ಮುಂಚೆ ಸಿಲಿಕ ಒಳಗಿಳಿದು ಗಟ್ಟಿಯಾದರೆ ಅಂಬರಿನಲ್ಲಿ ಸಿಕ್ಕ ನೊಣದ ಹಾಗೆ ಆಕಾರ ಉಳಿಯುತ್ತದೆ. 1954ರಲ್ಲಿ ಟೈಲರ್ ಮತ್ತು ಬಾರ್ಗೂರ್ನ್ ಕೆನಡಾದ ಗನ್‌ಫ್ಲಿಂಟ್ ಚರ್ಟ್‌ನಲ್ಲಿ ಸುಮಾರು 190 ಕೋಟಿ ವರ್ಷದ ಕೋಶಗಳನ್ನು ತೋರಿಸಿದ್ದು ಹೀಗೇ. ನಮ್ಮಲ್ಲೂ ಸಂಡೂರಿನ ದೋಣಿಮಲೈ ಕಲ್ಲಿನಿಂದ 1990ರಲ್ಲಿ ಇಂಥದ್ದೇ ವರದಿ ಬಂದಿತ್ತು. ಅದನ್ನು ಓದಿ ನನಗೂ ಆಸೆ ಹತ್ತಿತ್ತು.

ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಈ ವಿಷಯಕ್ಕೆ ಬರುವ ಹುಡುಗರು ಹುಡುಗಿಯರು ಇದನ್ನೇ ಜಾಸ್ತಿ ಕೇಳುತ್ತಾರೆ. ಡೈಮಂಡ್ ಬ್ಲೇಡಿನ ಗರಗಸದಲ್ಲಿ ಕಲ್ಲನ್ನು ಬಿಲ್ಲೆ ಮಾಡುತ್ತೇವೆ. ಒಂದು ಮುಖ ನಯ ಮಾಡಿ ಎಪಾಕ್ಸಿ ಹಾಕಿ ಗಾಜಿಗೆ ಅಂಟಿಸುತ್ತೇವೆ. ಆಮೇಲೆ ಇನ್ನೊಂದು ಮುಖವನ್ನು ಕಾರ್ಬೋರಂಡಮ್ ಪುಡಿ ಮತ್ತು ನೀರಿನಲ್ಲಿ ತೇಯುತ್ತಾ ಹೋಗುವುದು. ಗಂಧ ತೇಯುವ ಹಾಗೆ, ದುಂಡಗೆ, ಒಂದೇ ಒತ್ತಡದಲ್ಲಿ. ಮೊದಲು ಒರಟು ಪುಡಿ, ಆಮೇಲೆ 400 ನಂಬರಿನ ನಯ ಪುಡಿ, ಆಮೇಲೆ 600ರ ಇನ್ನೂ ನಯ ಪುಡಿ. ಕಲ್ಲು ಓದುವ ಭೂವಿಜ್ಞಾನಿಗಳು ಬಿಲ್ಲೆಯನ್ನು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು, ಅಂದರೆ 30 ಮೈಕ್ರಾನ್‌ವರೆಗೆ ತೇಯುತ್ತಾರೆ. ನಾವು ಅದಕ್ಕಿಂತ ದಪ್ಪ ಬಿಡುತ್ತೇವೆ, ಯಾಕೆಂದರೆ ಕೋಶಗಳ ಎಳೆ ಮೇಲೆ ಕೆಳಗೆ ಬಳುಕಿರುತ್ತದೆ, ಪೂರ್ತಿ ಸಿಗಬೇಕು. ಕಪ್ಪು ಕಲ್ಲು ತೇದು ತೇದು ಒಂದು ಗಳಿಗೆಯಲ್ಲಿ ಬೆಳಕು ಬಿಡುತ್ತದೆ. ಚಹಾ ಬಣ್ಣ. ಅಲ್ಲಿ ನಿಲ್ಲಿಸಬೇಕು. ಇನ್ನು ನಾಲ್ಕು ಸುತ್ತು ಎಳೆದರೆ ಎರಡು ದಿನದ ಕೆಲಸ ಕೆಸರಿನಲ್ಲಿ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಬೆರಳಿಗೆ ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು.

ಇನ್ನೊಂದು ದಾರಿ ಆಸಿಡ್. ಕಲ್ಲನ್ನು ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ಕರಗದೆ ಉಳಿದ ಇಂಗಾಲದ ಚೂರುಗಳನ್ನು ಸೋಸಿ ನೋಡುವುದು. ಈ ಆಸಿಡ್ ಗಾಜನ್ನೇ ತಿನ್ನುತ್ತದೆ, ಅದಕ್ಕೆ ಪ್ಲಾಸ್ಟಿಕ್ ಬೀಕರ್ ಬೇಕು. ಚರ್ಮಕ್ಕೆ ತಾಗಿದರೆ ಕೆಲವೊಮ್ಮೆ ತಕ್ಷಣ ಉರಿಯುವುದೂ ಇಲ್ಲ, ಸದ್ದಿಲ್ಲದೆ ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿಯುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಪಕ್ಕದಲ್ಲಿ ಇಲ್ಲದೆ ಆ ಬಾಟಲಿಯ ಮುಚ್ಚಳ ತೆಗೆಯಬೇಡಿ. ಒಬ್ಬರೇ ಇದ್ದಾಗ ಅಂತೂ ಬೇಡವೇ ಬೇಡ.

ನಾನು ಎಡವಿದ್ದು ಈ ಆಸಿಡ್ ದಾರಿಯಲ್ಲೇ. ಎರಡನೇ ವರ್ಷ ಮಾರಿಕಣಿವೆ ಕಡೆಯ ಚರ್ಟ್ ಕರಗಿಸಿ ನೋಡಿದೆ. ಉದ್ದನೆಯ ಎಳೆಗಳು! ನಡುನಡುವೆ ಅಡ್ಡಗೋಡೆ, ಜೇನಿನ ಬಣ್ಣ, ಅಂಚು ಎಷ್ಟು ಸ್ಪಷ್ಟ ಅಂದರೆ ಎಣಿಸಬಹುದು. ಆ ರಾತ್ರಿ ನಿದ್ದೆ ಬರಲಿಲ್ಲ. ಮೂರು ತಿಂಗಳು ಅದರ ಫೋಟೋ ತೆಗೆದೆ, ಅಳತೆ ಮಾಡಿದೆ, ಲೇಖನ ಬರೆಯಲು ಕೂತೆ. ನನ್ನ ಗೈಡ್ ಪೂರ್ತಿ ಓದಿ ಒಂದೇ ಮಾತು ಹೇಳಿದರು. "ಇದನ್ನ ಕಲ್ಲಿನೊಳಗೆ ತೋರಿಸಮ್ಮ."

ಅದೇ ಕಲ್ಲಿನ ಉಳಿದ ಚೂರಿನಿಂದ ಸ್ಲೈಡ್ ಮಾಡಿದೆ. ಎಳೆಗಳು ಇದ್ದವು. ಆದರೆ ಪದರಗಳ ಒಳಗಲ್ಲ, ಕೂದಲಿನಂಥ ಬಿರುಕೊಂದರ ಉದ್ದಕ್ಕೆ. ಬಿರುಕಿನ ಎರಡೂ ಬದಿ ಕಬ್ಬಿಣದ ತುಕ್ಕು. ಅಂದರೆ ಮಳೆನೀರು ಇಳಿದ ದಾರಿ. ಬಣ್ಣವೂ ಅದನ್ನೇ ಹೇಳುತ್ತಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಆ ಭಾಗದ ಕಲ್ಲು ಭೂಮಿಯೊಳಗೆ 300 ಡಿಗ್ರಿಗೂ ಜಾಸ್ತಿ ಬೆಂದಿದೆ. ಸಜ್ಜೆ ರೊಟ್ಟಿ ಸೀದು ಕರಿಯಾಗಿದ್ದರೆ ಅದರ ಮೇಲಿನ ಎಳ್ಳು ಮಾತ್ರ ಬೆಳ್ಳಗೆ ಉಳಿಯುತ್ತದಾ? ಅಷ್ಟು ಬೆಂದ ಕಲ್ಲಿನ ಪಾಚಿ ಕಪ್ಪಗೆ ಇರಬೇಕು, ಜೇನಿನ ಬಣ್ಣ ಇರಲು ಸಾಧ್ಯವೇ ಇಲ್ಲ. ನಾನು ನೋಡಿದ್ದು ಇತ್ತೀಚೆಗೆ ಬಿರುಕಿನಲ್ಲಿ ಸೇರಿಕೊಂಡ ಯಾವುದೋ ಬೂಷ್ಟಿನ ಎಳೆ. ಲೇಖನ ಹರಿದು ಹಾಕಿದೆ. ತುಂಬಾ ಅತ್ತೆ. ಗೈಡ್ ಬೈಯಲಿಲ್ಲ, ಇನ್ನೊಂದು ಕಲ್ಲು ಕೊಟ್ಟರು.

ಅಲ್ಲಿಂದ ನನ್ನ ಕ್ರಮವೇ ಬದಲಾಯಿತು. ಏನು ಸಿಕ್ಕರೂ ಅದು ಜೀವ ಅಲ್ಲ ಅಂತ ಸಾಧಿಸಲು ಮೊದಲು ಹೊರಡುತ್ತೇನೆ. ಕಲ್ಲಿನ ಜೊತೆಗೇ ಹುಟ್ಟಿದ್ದಾ, ಆಮೇಲೆ ನುಗ್ಗಿದ್ದಾ? ಪದರ ಬಳುಕಿದ ಕಡೆ ಅದೂ ಬಳುಕಿದೆಯಾ? ಒಂದೇ ಒಂದು ಇದೆಯಾ, ಹಿಂಡು ಇದೆಯಾ? ಜೀವಿಗಳು ಹಿಂಡಾಗಿ ಇರುತ್ತವೆ, ಅವುಗಳ ಅಳತೆ ಒಂದು ಮಿತಿಯೊಳಗೆ ಇರುತ್ತದೆ, ಎರಡಾಗಿ ಒಡೆಯುತ್ತಿರುವ ಕೋಶ ಎಲ್ಲೋ ಒಂದು ಕಡೆ ಸಿಗುತ್ತದೆ. ರಾಮನ್ ಸ್ಪೆಕ್ಟ್ರೋಸ್ಕೋಪ್‌ನಲ್ಲಿ ಲೇಸರ್ ಬಿಟ್ಟರೆ ಇಂಗಾಲ ಎಷ್ಟು ಬೆಂದಿದೆ ಅಂತ ತಿಳಿಯುತ್ತದೆ. ಅದು ಕಲ್ಲು ಬೆಂದಿದ್ದಕ್ಕೆ ತಾಳೆಯಾಗಬೇಕು. ಇವೆಲ್ಲ ಸೋತ ಮೇಲೆ, ಅಂದರೆ 'ಅಲ್ಲ' ಅನ್ನಲು ನನಗೆ ಒಂದೂ ನೆಪ ಉಳಿಯದಿದ್ದಾಗ, 'ಹೌದು' ಅನ್ನುತ್ತೇನೆ.

ಈ ಎಚ್ಚರ ದೊಡ್ಡವರಿಗೂ ಬೇಕಾಗಿದೆ. 1993ರಲ್ಲಿ ಶಾಫ್ ಅವರು ಆಸ್ಟ್ರೇಲಿಯಾದ ಏಪೆಕ್ಸ್ ಚರ್ಟ್‌ನಲ್ಲಿ 346 ಕೋಟಿ ವರ್ಷದ ಎಳೆಗಳಿವೆ ಅಂದರು. 2002ರಲ್ಲಿ ಬ್ರೇಸಿಯರ್ ತಂಡ ಅದು ಬಿಸಿನೀರಿನ ಬುಗ್ಗೆಯ ನಾಳದ ಕಲ್ಲು, ಎಳೆಗಳು ಜೀವಿಗಳಲ್ಲ ಅಂತ ವಾದಿಸಿತು. ಆ ಜಗಳ ವರ್ಷಗಟ್ಟಲೆ ನಡೆಯಿತು. 2016ರಲ್ಲಿ ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷದ ಸ್ಟ್ರೊಮ್ಯಾಟೊಲೈಟ್ ಸಿಕ್ಕಿತು ಅಂತ ಸುದ್ದಿ ಬಂತು. 2018ರಲ್ಲಿ ಇನ್ನೊಂದು ತಂಡ ಅದೇ ಕಲ್ಲಿನ ಪಕ್ಕದ ಮೈಯನ್ನೂ ನೋಡಿತು. ಮುಂದಿನಿಂದ ಗೋಪುರದ ಹಾಗೆ ಕಂಡದ್ದು ಪಕ್ಕದಿಂದ ಉದ್ದನೆಯ ಏಣು. ಕಲ್ಲು ಒತ್ತಡಕ್ಕೆ ಮಡಿಸಿದ್ದು ಅಂತ ಅವರ ತೀರ್ಮಾನ. ಅದಕ್ಕೇ ನಾನು ಯಾವ ಕಲ್ಲನ್ನೂ ಒಂದೇ ಕಡೆಯಿಂದ ನೋಡಿ ಬರೆಯುವುದಿಲ್ಲ. ಸುತ್ತು ಹಾಕುತ್ತೇನೆ.

ನಮ್ಮ ದೇಶದ್ದೇ ಒಂದು ಉದಾಹರಣೆ ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಆಡಿಟೋರಿಯಂ ಗುಹೆಯ ಮೇಲ್ಗೋಡೆಯಲ್ಲಿ ಡಿಕಿನ್ಸೋನಿಯಾ ಸಿಕ್ಕಿದೆ ಅಂತ 2021ರಲ್ಲಿ ಪ್ರಕಟವಾಯಿತು. ಅದು ಸುಮಾರು 55 ಕೋಟಿ ವರ್ಷದ ಹಿಂದಿನ ಮೆತ್ತನೆ ಪ್ರಾಣಿ. ಪತ್ರಿಕೆಗಳಲ್ಲೆಲ್ಲ ಬಂತು. ಆಮೇಲೆ ಜೋ ಮೀರ್ಟ್ ತಂಡ ಹೋಗಿ ನೋಡಿದಾಗ ಆ 'ಪಳೆಯುಳಿಕೆ' ಗೋಡೆಯಿಂದ ಸುಲಿದು ಬರುತ್ತಿತ್ತು. ಹಳೆಯ ಜೇನುಗೂಡಿನ ಗುರುತು! 2023ರಲ್ಲಿ ಅದೂ ಪ್ರಕಟವಾಯಿತು. ಮೊದಲು ಬರೆದ ರೆಟಲ್ಯಾಕ್ ಅವರು ತಪ್ಪಾಯಿತು ಅಂತ ಒಪ್ಪಿಕೊಂಡರು. ನನಗೆ ಅವರ ಮೇಲೆ ಗೌರವ ಹೆಚ್ಚಿತು. ಮೂರು ತಿಂಗಳ ಲೇಖನ ಹರಿಯುವಾಗಲೇ ನನಗೆ ಅಷ್ಟು ಸಂಕಟ ಆಗಿತ್ತು, ಲೋಕವೆಲ್ಲ ಓದಿದ ಮೇಲೆ ಒಪ್ಪುವುದು ಎಷ್ಟು ಕಷ್ಟ ಇರಬೇಕು.

ಹಾಗಂತ ಅನುಮಾನವೇ ಗೆಲ್ಲುತ್ತದೆ ಅಂತಲ್ಲ. ಚಿತ್ರಕೂಟದ ಕಥೆ ಇದಕ್ಕೆ ತಿರುಗುಮುರುಗು. ರಫತ್ ಆಜ್ಮಿ ಅವರು 1998ರಲ್ಲಿ ಅಲ್ಲಿನ ವಿಂಧ್ಯ ಶಿಲೆಗಳಲ್ಲಿ ಸಣ್ಣ ಪಳೆಯುಳಿಕೆಗಳಿವೆ, ಹಾಗಾಗಿ ಆ ಕಲ್ಲು ಕೇಂಬ್ರಿಯನ್ ಕಾಲದ, ಅಂದರೆ ಸುಮಾರು 54 ಕೋಟಿ ವರ್ಷದ ಹಿಂದಿನ, ಆಸುಪಾಸಿನದು ಅಂದರು. ಬಹಳ ಜನ ನಂಬಲಿಲ್ಲ. 2009ರಲ್ಲಿ ಸ್ಟೀಫನ್ ಬೆಂಗ್ಟ್‌ಸನ್ ತಂಡ ಮತ್ತೆ ಅದೇ ಕಲ್ಲು ತೆಗೆದು ನೋಡಿತು. ಪಳೆಯುಳಿಕೆ ನಿಜವಾಗಿಯೂ ಇದ್ದವು. ಆದರೆ ಕಲ್ಲಿನ ವಯಸ್ಸು 160 ಕೋಟಿ ವರ್ಷಕ್ಕೂ ಜಾಸ್ತಿ ಬಂತು! 2017ರಲ್ಲಿ ಅವರು ಅಲ್ಲಿಂದಲೇ ಕೆಂಪು ಪಾಚಿಯಂಥ ಎಳೆಗಳನ್ನು ಎಕ್ಸ್-ರೇಯಲ್ಲಿ ಕೋಶ ಕೋಶವಾಗಿ ತೋರಿಸಿ ರಫತಾಜ್ಮಿಯಾ ಚಿತ್ರಕೂಟೆನ್ಸಿಸ್ ಅಂತ ಹೆಸರಿಟ್ಟರು. ಅಲ್ಲಿಯವರೆಗೆ ಗೊತ್ತಿದ್ದ ಅತಿ ಹಳೆಯ ಕೆಂಪು ಪಾಚಿಗಿಂತ ಇದು 40 ಕೋಟಿ ವರ್ಷವಾದರೂ ಹಿರಿಯದು. ಆಜ್ಮಿ ಅವರ ವಯಸ್ಸಿನ ಲೆಕ್ಕ ತಪ್ಪಿತ್ತು, ಕಣ್ಣು ತಪ್ಪಿರಲಿಲ್ಲ. ನಾನು ಆ ಹೆಸರನ್ನು ಓದಿದ ದಿನ ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ವಿಂಧ್ಯದ ಕಲ್ಲುಗಳು, ಮಾರಿಕಣಿವೆ ಕಲ್ಲೂ ಸೇರಿದ ನಮ್ಮ ಧಾರವಾಡ ಶಿಲೆಗಳಷ್ಟು ಬೆಂದಿಲ್ಲ. ಅದಕ್ಕೇ ನಾನೂ ಹತ್ತು ವರ್ಷ ಅಲ್ಲಿನ ಚರ್ಟ್ ಹಿಂದೆ ಬಿದ್ದೆ. ನನ್ನ ಒಂದು ಸ್ಲೈಡಿನಲ್ಲಿ ಏಳು ಕೋಶಗಳ ಸರ ಇದೆ. ಕಪ್ಪು ಪದರದ ಒಳಗೇ ಮಲಗಿದೆ, ಬಿರುಕು ಹತ್ತಿರದಲ್ಲೂ ಇಲ್ಲ. ಐದನೇ ಕೋಶದ ನಡುವೆ ಅರ್ಧ ಎದ್ದ ಗೋಡೆ. ಎರಡಾಗಲು ಹೊರಟು ಅಲ್ಲೇ ನಿಂತುಬಿಟ್ಟಿದೆ. ಎಣ್ಣೆಯ ಹನಿ ಹಾಕಿ ನೂರರ ಲೆನ್ಸಿನಲ್ಲಿ ನೋಡಿದಾಗ ನನ್ನ ಉಸಿರು ನಾನೇ ಹಿಡಿದಿದ್ದೆ. ಒಂದು ವರ್ಷ 'ಅಲ್ಲ' ಅನ್ನಲು ನೋಡಿದೆ. ಆಗಲಿಲ್ಲ.

ನನ್ನ ಕಪಾಟಿನಲ್ಲಿ ಮೂರು ಡ್ರಾಯರ್ ಇವೆ. 'ಹೌದು', 'ಅಲ್ಲ', 'ನೋಡಬೇಕು'. ಮೊದಲನೆಯದು ಅರ್ಧವೂ ತುಂಬಿಲ್ಲ. ಎರಡನೆಯದಕ್ಕೆ ಜಾಗ ಸಾಲದೆ ಪಕ್ಕದಲ್ಲಿ ಪೆಟ್ಟಿಗೆ ಇಟ್ಟಿದ್ದೇನೆ.

2022ರಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ, 1933ರ ಮೇಲೆ ಮೊದಲ ಸಲ, ಆ ಸಂಭ್ರಮ ಮುಗಿದ ಮೇಲೆ ಮತ್ತೆ ಹೋಗಿದ್ದೆ. ಅದೇ ಅಜ್ಜ. ಕುರಿ ಈಗ ಮೊಮ್ಮಗ ಕಾಯುತ್ತಾನೆ, ಅವರು ಸುಮ್ನೆ ಜೊತೆಗೆ ಬರುತ್ತಾರೆ. ನನ್ನ ಗುರುತು ಹಿಡಿದರು. "ಬಾರವ್ವ, ನಿನ್ನ ಪಾಚಿ ಕಲ್ಲು ಇನ್ನೊಂದು ಐತೆ" ಅಂತ ಗುಡ್ಡದ ಹಿಂಬದಿಗೆ ಕರೆದುಕೊಂಡು ಹೋದರು. ತಮ್ಮ ನೀರಿನ ಬಾಟಲಿ ತೆಗೆದು ಕಲ್ಲಿನ ಮೇಲೆ ತಾವೇ ಸುರಿದರು. ಗೆರೆ ಎದ್ದವು. "ಹೌದೋ ಅಲ್ವೋ ನೋಡು."

ನಾನು ಸುತ್ತು ಹಾಕಿದೆ. ಮುಂದಿನಿಂದ ಕಮಾನು. ಪಕ್ಕದಿಂದ ಅಷ್ಟು ಸ್ಪಷ್ಟ ಇರಲಿಲ್ಲ, ಮಡಿಕೆಯೂ ಇರಬಹುದು. ಕಮಾನಿನ ನೆತ್ತಿಯಲ್ಲಿ ಪದರ ದಪ್ಪವಾಗಿದೆಯಾ ಅಂತ ಲೆನ್ಸ್ ಹಿಡಿದು ನೋಡುವಷ್ಟರಲ್ಲಿ ನೀರು ಆರಿತು.

"ಈಗಲೇ ಹೇಳಕ್ಕಾಗಲ್ಲ ಅಜ್ಜ."

"ಆಗಲಿ ಬಿಡು, ನಿಧಾನಕ್ಕೆ ನೋಡು" ಅಂದರು.

ಬಂಡೆಗೆ ಸುತ್ತಿಗೆ ಹಾಕಲಿಲ್ಲ. ಬುಡದಲ್ಲಿ ಕಳಚಿ ಬಿದ್ದಿದ್ದ ಒಂದು ಚೂರನ್ನು ಪೇಪರಿನಲ್ಲಿ ಸುತ್ತಿ ನಂಬರ್ ಬರೆದೆ. ಅದು ಈಗ ಮೂರನೇ ಡ್ರಾಯರಿನಲ್ಲಿದೆ. ಅರ್ಧ ತೇದಿದ್ದೇನೆ, ಇನ್ನೂ ಬೆಳಕು ಬಿಟ್ಟಿಲ್ಲ.