ವಿದೇಶ ಪುಟದಿಂದ ಒಂಬತ್ತು ದಿನ ರಜೆ

ಬೆಂಗಳೂರಿನ ಕನ್ನಡ ದಿನಪತ್ರಿಕೆಯೊಂದರ ಡೆಸ್ಕ್‌ನಲ್ಲಿ ವಿದೇಶ ಪುಟ ನೋಡಿಕೊಳ್ಳುವ ಉಪಸಂಪಾದಕ ನಾನು. ಸಂಜೆ ನಾಲ್ಕಕ್ಕೆ ಕಚೇರಿ ಸೇರಿ, ಪಿಟಿಐ, ಎಎಫ್‌ಪಿ, ರಾಯಿಟರ್ಸ್ ಸಂಸ್ಥೆಗಳಿಂದ ಬಂದ ನೂರಾರು ಸುದ್ದಿಗಳಲ್ಲಿ ಹತ್ತು ಹನ್ನೆರಡನ್ನು ಆರಿಸಿ, ಕನ್ನಡಕ್ಕೆ ತಂದು, ಶೀರ್ಷಿಕೆ ಕೊಟ್ಟು, ಪುಟ ಕಟ್ಟಿಸಿ ಮುದ್ರಣಕ್ಕೆ ಬಿಡುವಷ್ಟರಲ್ಲಿ ನಡುರಾತ್ರಿ ಆಗಿರುತ್ತದೆ. ಈ ಕೆಲಸಕ್ಕೆ ಸೇರಿದ ಮೊದಲ ಎಂಟು ವರ್ಷಗಳಲ್ಲಿ ನಾನು ಎರಡು ದಿನಕ್ಕಿಂತ ಹೆಚ್ಚು ರಜೆಯನ್ನು ಒಟ್ಟಿಗೆ ಹಾಕಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಒಂಬತ್ತು ದಿನ ರಜೆ ಹಾಕಿದೆ. ಅದಕ್ಕೆ ಏನೇನು ಮಾಡಬೇಕಾಯಿತು ಎಂಬುದನ್ನು ನನ್ನಂತೆ ಡೆಸ್ಕ್‌ನಲ್ಲಿ ಕುಳಿತವರಿಗಾಗಿ ಬರೆಯುತ್ತಿದ್ದೇನೆ.

ರಜೆ ಸಿಗದಿದ್ದುದಕ್ಕೆ ಕಾನೂನು ಕಾರಣವಾಗಿರಲಿಲ್ಲ. ಆಗ ಜಾರಿಯಲ್ಲಿದ್ದ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ಪ್ರಕಾರ ಹನ್ನೊಂದು ದಿನದ ದುಡಿಮೆಗೆ ಒಂದು ದಿನದ ಗಳಿಕೆ ರಜೆ ನಮ್ಮ ಹಕ್ಕು. ನನ್ನ ಖಾತೆಯಲ್ಲಿ 90 ದಿನ ಜಮೆಯಾಗಿದೆ, ಇನ್ನು ಮುಂದೆ ಗಳಿಸಿದ್ದು ಕೂಡುವುದಿಲ್ಲ ಎಂದು ಕಚೇರಿಯ ಆಡಳಿತ ವಿಭಾಗದವರು ಎರಡು ಬಾರಿ ತಿಳಿಸಿದ್ದರು. ಯಾರೂ ನನ್ನ ಅರ್ಜಿಯನ್ನು ತಿರಸ್ಕರಿಸಿದ್ದಿಲ್ಲ. ನಾನೇ ಅರ್ಜಿ ಕೊಟ್ಟಿರಲಿಲ್ಲ, ಕೊಟ್ಟರೂ ಹಿಂದಕ್ಕೆ ಪಡೆದಿದ್ದೆ. ಜಗತ್ತಿನಲ್ಲಿ ಏನಾದರೂ ಆದಾಗ ನಾನು ಕುರ್ಚಿಯಲ್ಲಿ ಇರಬೇಕು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಈ ನಂಬಿಕೆ ಬಲಿಯುವುದಕ್ಕೆ ಕೆಲಸದ ಸ್ವಭಾವವೂ ಕಾರಣ. 2021ರ ಆಗಸ್ಟ್ 15ರಂದು ನಮ್ಮ ಪತ್ರಿಕೆಗೆ ರಜೆ, ಮರುದಿನ ಸಂಚಿಕೆ ಇರಲಿಲ್ಲ. ವರ್ಷದಲ್ಲಿ ಬೆರಳೆಣಿಕೆಯಷ್ಟು ಬರುವ ಅಂತಹ ದಿನವೇ ತಾಲಿಬಾನ್ ಕಾಬೂಲ್ ಹೊಕ್ಕಿತು, ಅಧ್ಯಕ್ಷ ಅಶ್ರಫ್ ಘನಿ ದೇಶ ಬಿಟ್ಟರು. ಬರೆಯಲು ಪುಟವೇ ಇಲ್ಲದ ಆ ಸಂಜೆ ಇಡೀ ನಾನು ಮನೆಯಲ್ಲಿ ಫೋನ್ ಹಿಡಿದು ಅಡ್ಡಾಡಿದೆ. 2022ರ ಸೆಪ್ಟೆಂಬರ್ 8ರಂದು ಬ್ರಿಟನ್ ರಾಣಿ ಎರಡನೆಯ ಎಲಿಜಬೆತ್ ಅವರ ನಿಧನದ ಪ್ರಕಟಣೆ ಬಂದಾಗ ಲಂಡನ್ನಿನಲ್ಲಿ ಸಂಜೆ ಆರೂವರೆ, ನಮ್ಮಲ್ಲಿ ರಾತ್ರಿ ಹನ್ನೊಂದು. ದೂರದ ಜಿಲ್ಲೆಗಳ ಆವೃತ್ತಿ ಆಗಲೇ ಮುದ್ರಣಕ್ಕೆ ಹೋಗಿತ್ತು, ಮುಖಪುಟವನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಹೀಗೆ ಆಗಿ ಆಗಿ, ನಾನಿಲ್ಲದ ದಿನವೇ ದೊಡ್ಡದೊಂದು ಆಗುತ್ತದೆ ಎಂಬ ಅಂಜಿಕೆ ಮೈಗೆ ಅಂಟಿಕೊಂಡುಬಿಟ್ಟಿತು.

ಆ ಅಂಜಿಕೆಗೆ ನಾನು ತೆತ್ತ ಬೆಲೆ ಗೊತ್ತಾದದ್ದು 2022ರ ಫೆಬ್ರುವರಿಯಲ್ಲಿ. ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಹಾಸನದಲ್ಲಿ 25ಕ್ಕೆ ನಿಗದಿಯಾಗಿ, ನಾನು ಮೂರು ದಿನದ ರಜೆ ಚೀಟಿ ಕೊಟ್ಟಿದ್ದೆ. 24ರ ಬೆಳಿಗ್ಗೆ ರಷ್ಯಾ ಉಕ್ರೇನ್ ಮೇಲೆ ಆಕ್ರಮಣ ಆರಂಭಿಸಿತು. ಒಬ್ಬರೂ ಕೇಳುವ ಮೊದಲೇ ಸುದ್ದಿ ಸಂಪಾದಕರಿಗೆ ಫೋನ್ ಮಾಡಿ ರಜೆ ರದ್ದು ಮಾಡಿಸಿದೆ. ಅಮ್ಮನ ಜೊತೆ ಅಕ್ಕ ಹೋದಳು. ಮಾರ್ಚ್ 1, ಶಿವರಾತ್ರಿಯ ದಿನ, ಹಾರ್ಕಿವ್‌ನಲ್ಲಿ ಓದುತ್ತಿದ್ದ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಿನಸಿ ತರಲು ಹೊರಗೆ ಹೋಗಿದ್ದಾಗ ಶೆಲ್ ದಾಳಿಗೆ ಬಲಿಯಾದ ಸುದ್ದಿ ಬಂತು. ಅಲ್ಲಿಯವರೆಗೆ ವಿದೇಶ ಪುಟದಲ್ಲಿದ್ದ ಯುದ್ಧ ರಾಜ್ಯದ ಸುದ್ದಿಯಾಗಿ ಮುಖಪುಟದ ಮೇಲ್ಭಾಗಕ್ಕೆ ಬಂತು. ಆ ಊರಿನ ಹೆಸರನ್ನು ಖಾರ್ಕಿವ್ ಎಂದು ಬರೆಯಬೇಕೋ ಹಾರ್ಕಿವ್ ಎಂದೋ ಎಂದು ನಾವು ಚರ್ಚಿಸುತ್ತಿದ್ದ ಹೊತ್ತಿಗೆ ಅಮ್ಮನ ಫೋನ್ ಬಂತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಟಿ.ವಿ.ಯನ್ನು ಬರೀ ಕೇಳುತ್ತಾ ಕುಳಿತಿದ್ದ ಅಮ್ಮ, ‘ಆ ಮಗಿನ ಹೆಣನಾದ್ರೂ ಹೆತ್ತೋರ ಕೈಗೆ ಸಿಕ್ತದಾ ಮಗ?’ ಎಂದು ಅಳುತ್ತಾ ಕೇಳಿದರು. ‘ಪುಟ ಬಿಡೋ ಹೊತ್ತು ಅಮ್ಮ, ಆಮೇಲೆ ಮಾಡ್ತೀನಿ’ ಎಂದು ಇಟ್ಟೆ. ಆಮೇಲೆ ಮಾಡಲಿಲ್ಲ. ಮುಂದಿನ ಮೂರು ವಾರ ರಾಜ್ಯದ ಎಲ್ಲ ಪತ್ರಿಕೆಗಳೂ ಬೆನ್ನು ಹತ್ತಿದ ಪ್ರಶ್ನೆ ಅಮ್ಮ ಕೇಳಿದ ಪ್ರಶ್ನೆಯೇ ಆಗಿತ್ತು. ಮೃತದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ಕ್ಕೆ, ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಸುದ್ದಿಯನ್ನು ಮನುಷ್ಯರು ಹೇಗೆ ಕೇಳಿಸಿಕೊಳ್ಳುತ್ತಾರೋ ಹಾಗೆ ಅಮ್ಮ ಕೇಳಿಸಿಕೊಂಡಿದ್ದರು. ನನಗೆ ಅದು ಆಗದೆ ಎಷ್ಟು ಕಾಲವಾಗಿತ್ತೋ ಲೆಕ್ಕವಿರಲಿಲ್ಲ.

ಅದು ಇನ್ನೂ ಸ್ಪಷ್ಟವಾದದ್ದು 2023ರ ಫೆಬ್ರುವರಿ 6ರ ಭೂಕಂಪದಲ್ಲಿ. ಟರ್ಕಿ ಮತ್ತು ಸಿರಿಯಾದಲ್ಲಿ 7.8ರ ತೀವ್ರತೆಯ ಕಂಪನ. ಮೊದಲ ದಿನ ಸಾವಿರಗಳಲ್ಲಿದ್ದ ಸಾವಿನ ಸಂಖ್ಯೆ ಕೊನೆಗೆ 50,000 ದಾಟಿತು. ಗಂಟೆ ಗಂಟೆಗೂ ಬದಲಾಗುವ ಅಂಕಿಯನ್ನು ಶೀರ್ಷಿಕೆಯಲ್ಲಿ ತಿದ್ದುತ್ತಿದ್ದ ನಾನು, ಒಂದು ರಾತ್ರಿ ಆವೃತ್ತಿ ಬಿಡುವ ಮೊದಲೇ ಅದು ಹತ್ತು ಸಾವಿರದ ಗೆರೆ ದಾಟಲಿ, ಶೀರ್ಷಿಕೆ ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಕಾಯುತ್ತಿದ್ದೆ. ಆ ವಾರವೇ ಎಎಫ್‌ಪಿಯ ಛಾಯಾಗ್ರಾಹಕ ಆದೆಮ್ ಆಲ್ತಾನ್ ಕಹರಾಮನ್‌ಮರಾಶ್‌ನಲ್ಲಿ ತೆಗೆದ ಚಿತ್ರ ಬಂತು: ಕುಸಿದ ಕಟ್ಟಡದ ಅಡಿ ಸಿಕ್ಕಿಕೊಂಡು ಸತ್ತ ಮಗಳ ಕೈಯನ್ನು ಹಿಡಿದು ಅವಶೇಷಗಳ ನಡುವೆ ಕುಳಿತ ತಂದೆ. ಅದನ್ನು ಮೂರು ಕಾಲಂಗೆ ಹಾಕಬೇಕೋ ನಾಲ್ಕಕ್ಕೋ ಎಂದು ಅಳೆದು, ಎಡಬದಿಯನ್ನು ಎಷ್ಟು ಕತ್ತರಿಸಿದರೆ ಆ ಕೈ ಪುಟದ ಮಧ್ಯಕ್ಕೆ ಬರುತ್ತದೆ ಎಂದು ವಿನ್ಯಾಸಕಾರರಿಗೆ ಹೇಳಿ, ಊಟದ ಡಬ್ಬಿ ಬಿಚ್ಚಿ ಉಂಡೆ. ಅದು ಕೆಲಸ, ಯಾರಾದರೂ ಮಾಡಲೇಬೇಕಾದ ಕೆಲಸ. ಆ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಮನೆಗೆ ಬಂದು ಮಲಗಿದಾಗಲೂ, ಮರುದಿನವೂ, ಅದರ ಮರುದಿನವೂ ಆ ತಂದೆಯ ಬಗ್ಗೆ ಏನೂ ಅನ್ನಿಸಲಿಲ್ಲ. ನಾನು ಗಾಬರಿಯಾದದ್ದು ಅದಕ್ಕೆ. ಓದುಗರಿಗೆ ಜಗತ್ತಿನ ನೋವನ್ನು ತಲುಪಿಸುವ ಜಾಗದಲ್ಲಿ ಕುಳಿತವನಿಗೇ ಅದು ತಲುಪದಿದ್ದರೆ, ಅವನು ಆರಿಸುವ ಸುದ್ದಿ, ಇಡುವ ಶೀರ್ಷಿಕೆ ಎರಡೂ ಕೆಡುತ್ತವೆ ಎಂದು ನನಗೆ ಅನ್ನಿಸಿತು. ರಜೆ ಬೇಕು ಎಂದು ನಿರ್ಧರಿಸಿದ್ದು ಆ ವಾರ.

ಆಗ ಮೊದಲು ಮಾಡಿದ ಕೆಲಸವೆಂದರೆ 200 ಪುಟದ ಒಂದು ಲಾಂಗ್ ಬುಕ್ ಕೊಂಡದ್ದು. ನಾನಿಲ್ಲದೆ ಪುಟ ನಡೆಯುವುದಿಲ್ಲ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು: ಎಂಟು ವರ್ಷ ಕಲಿತದ್ದೆಲ್ಲ ನನ್ನ ತಲೆಯಲ್ಲಿ ಮಾತ್ರ ಇತ್ತು. ಅದನ್ನು ದಿನಕ್ಕೆ ಒಂದು ಪುಟದಂತೆ ಇಳಿಸತೊಡಗಿದೆ. ಹೆಸರುಗಳಿಗೆ ಅರ್ಧ ಪುಸ್ತಕ ಹೋಯಿತು. ಝೆಲೆನ್‌ಸ್ಕಿ, ಎರ್ಡೊಗನ್, ಷಿ ಜಿನ್‌ಪಿಂಗ್ ಎಂಬುವನ್ನು ನಮ್ಮ ಪತ್ರಿಕೆ ಹೇಗೆ ಬರೆಯುತ್ತದೆ, ಟರ್ಕಿ ತನ್ನನ್ನು ತುರ್ಕಿಯೆ ಎಂದು ಕರೆಯಬೇಕೆಂದು ಕೇಳಿ 2022ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮೇಲೂ ನಾವು ಯಾವ ರೂಪ ಉಳಿಸಿಕೊಂಡಿದ್ದೇವೆ, ‘ಉಗ್ರ’, ‘ಬಂಡುಕೋರ’, ‘ಸಶಸ್ತ್ರ ಗುಂಪು’ ಎಂಬ ಪದಗಳಲ್ಲಿ ಯಾವುದನ್ನು ಎಲ್ಲಿ ಬಳಸುತ್ತೇವೆ, ಏಕೆ. ಬಳಿಕ ಸಮಯ: ಉಕ್ರೇನ್ ಮತ್ತು ಇಸ್ರೇಲ್ ಚಳಿಗಾಲದಲ್ಲಿ ನಮಗಿಂತ ಮೂರೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಂದೆ, ವಾಷಿಂಗ್ಟನ್ ಚಳಿಗಾಲದಲ್ಲಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದೆ. ಆದ್ದರಿಂದ ಅಲ್ಲಿಯ ಮಧ್ಯಾಹ್ನದ ಪತ್ರಿಕಾಗೋಷ್ಠಿ ನಮ್ಮ ಯಾವ ಆವೃತ್ತಿಗೂ ಪೂರ್ತಿ ಸಿಗುವುದಿಲ್ಲ, ಅದಕ್ಕೆ ಜಾಗ ಬಿಟ್ಟು ಕಾಯಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಸಾವಿನ ಸಂಖ್ಯೆಗೆ ಪ್ರತ್ಯೇಕ ಪುಟ ಇಟ್ಟೆ, ಏಕೆಂದರೆ ಹೊಸಬರು ಎಡವುವುದು ಅಲ್ಲೇ. ಶ್ರೀಲಂಕಾದಲ್ಲಿ 2019ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ನಡೆದ ಸರಣಿ ಸ್ಫೋಟದ ಉದಾಹರಣೆ ಬರೆದೆ. ಲೋಕಸಭಾ ಚುನಾವಣೆಗೆ ರಾಜ್ಯದಲ್ಲಿ ನಡೆದ ಮೊದಲ ಹಂತದ ಮತದಾನ ಮುಗಿಸಿ ಕೊಲಂಬೊಗೆ ಪ್ರವಾಸ ಹೋಗಿದ್ದ ನಮ್ಮ ರಾಜ್ಯದ ಹಲವರು ಅದರಲ್ಲಿ ತೀರಿಕೊಂಡಿದ್ದರು. ನಾಲ್ಕೇ ದಿನದಲ್ಲಿ 359ಕ್ಕೆ ಏರಿದ್ದ ಸಾವಿನ ಸಂಖ್ಯೆಯನ್ನು ಅಲ್ಲಿಯ ಅಧಿಕಾರಿಗಳೇ ಏಕಾಏಕಿ 253ಕ್ಕೆ ಇಳಿಸಿದರು. ಹಾಗಾಗಿ ನಮ್ಮ ನಿಯಮ: ಅಂಕಿ ಯಾರು ಹೇಳಿದ್ದು ಎಂಬುದು ಅಂಕಿಯ ಜೊತೆಯಲ್ಲೇ ಇರಬೇಕು, ಶೀರ್ಷಿಕೆಯಲ್ಲೂ.

ರಜೆಯ ದಿನಾಂಕ ಆರಿಸುವಾಗ ಜಗತ್ತು ಯಾವಾಗ ಬಿಡುವಾಗಿರುತ್ತದೆ ಎಂದು ನೋಡುವ ಹಳೆಯ ಅಭ್ಯಾಸ ಬಿಟ್ಟೆ. ಅಂತಹ ತಿಂಗಳು ಇಲ್ಲ. ಪಿತೃಪಕ್ಷದ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡುವಾಗ ಊರಿನಲ್ಲಿರಬೇಕು ಎಂಬುದೊಂದನ್ನೇ ಲೆಕ್ಕಕ್ಕೆ ಹಿಡಿದು, ಅಕ್ಟೋಬರ್ 7ರಿಂದ 15ರವರೆಗೆ ಎಂದು ಜುಲೈನಲ್ಲೇ ಬರೆದು ಕೊಟ್ಟೆ. ಸುದ್ದಿ ಸಂಪಾದಕರಿಗೆ ಬಾಯಿಮಾತಿನಲ್ಲಿ ಹೇಳದೆ, ನಾನಿಲ್ಲದಾಗ ಪುಟ ಯಾರು ನೋಡುತ್ತಾರೆ, ಅವರು ಯಾವ ವಾರಗಳಲ್ಲಿ ನನ್ನ ಪಕ್ಕ ಕುಳಿತು ಪುಟ ಮಾಡುತ್ತಾರೆ ಎಂಬುದನ್ನೂ ಅರ್ಜಿಯ ಜೊತೆ ಕೊಟ್ಟೆ. ರಾಜ್ಯ ಡೆಸ್ಕ್‌ನಲ್ಲಿದ್ದ ಉಡುಪಿ ಕಡೆಯ ಕಿರಿಯ ಸಹೋದ್ಯೋಗಿಯೊಬ್ಬರು ಒಪ್ಪಿದ್ದರು. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ವಾರಕ್ಕೆರಡು ದಿನ ಅವರು ಪುಟ ಮಾಡಿದರು, ನಾನು ಪಕ್ಕದಲ್ಲಿ ಕೈ ಕಟ್ಟಿ ಕುಳಿತೆ. ಇಡೀ ತಯಾರಿಯಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಹಾಗೆ ಕೈ ಕಟ್ಟಿ ಕುಳಿತದ್ದು.

ಅಕ್ಟೋಬರ್ 7, ಶನಿವಾರ ಬೆಳಿಗ್ಗೆ ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ನಮ್ಮ ಊರಿನ ಆಟೊ ಕಾಯುತ್ತಿದ್ದಾಗ ಫೋನ್ ಒಂದೇ ಸಮನೆ ಮಿಡಿಯತೊಡಗಿತು. ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿತ್ತು. ನನ್ನ ಕಾಲು ತಾನೇ ತಾನಾಗಿ ಬೆಂಗಳೂರಿನ ಬಸ್ ನಿಲ್ಲುವ ಕಡೆಗೆ ಹೋಯಿತು. ಬಸ್ ಹತ್ತುವ ಮೊದಲು ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರು ಆಗಲೇ ಕಚೇರಿಗೆ ಹೊರಟಿದ್ದರು. ‘ಸರ್, ನೀವು ಬರೋದು ಬೇಡ. ಪುಸ್ತಕ ನನ್ನ ಹತ್ತಿರ ಉಂಟು. ಮಂಗಳೂರು ಬ್ಯೂರೊದವರಿಗೆ ಆಗಲೇ ಹೇಳಿದ್ದೇನೆ’ ಎಂದರು. ಮಂಗಳೂರು ಏಕೆ ಎಂದು ನನಗೆ ಹೊಳೆಯಲಿಲ್ಲ. ಇಸ್ರೇಲ್‌ನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವವರಲ್ಲಿ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳವರು ಬಹಳ ಮಂದಿ ಇದ್ದಾರೆ, ಅವರ ಮನೆಯವರು ಈಗ ಫೋನ್ ಹಿಡಿದು ಕುಳಿತಿರುತ್ತಾರೆ ಎಂದು ಅವರೇ ವಿವರಿಸಿದರು. ನನ್ನ 200 ಪುಟಗಳಲ್ಲಿ ಅದು ಎಲ್ಲೂ ಇರಲಿಲ್ಲ. ನಾನು ಆಟೊ ನಿಲ್ಲುವ ಕಡೆಗೆ ಹಿಂದಿರುಗಿದೆ.

ಊರಿನಲ್ಲಿ ಮೊದಲ ಮೂರು ದಿನ ಕೈ ಜೇಬಿಗೆ ಹೋಗುತ್ತಲೇ ಇತ್ತು. ಸುದ್ದಿಯ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿ, ದಿನಕ್ಕೊಂದು ಸಲ ಆಕಾಶವಾಣಿಯ ವಾರ್ತೆ ಕೇಳುವುದು, ಬೆಳಿಗ್ಗೆ ಬರುವ ಪತ್ರಿಕೆ ಓದುವುದು, ಇಷ್ಟೇ ಎಂದು ಗೊತ್ತುಮಾಡಿಕೊಂಡೆ. ಪೊರೆ ತೆಗೆಸಿಕೊಂಡ ಮೇಲೆ ಅಮ್ಮ ಪತ್ರಿಕೆಯ ಸಣ್ಣ ಅಕ್ಷರವನ್ನೂ ಓದುತ್ತಾರೆ. ಜಗಲಿಯಲ್ಲಿ ಕುಳಿತು ಅವರು ನಿಧಾನವಾಗಿ, ಗಟ್ಟಿಯಾಗಿ ಓದುತ್ತಿದ್ದರು, ನಾನು ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದೆ. ಗಾಜಾದ ಮಕ್ಕಳ ಸುದ್ದಿಗೂ, ಒತ್ತೆಯಾಳಾಗಿ ಒಯ್ದ ಮುದುಕಿಯರ ಸುದ್ದಿಗೂ ಅವರು ಓದುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ, ಅವರು ಹಾಗೆ ನಿಲ್ಲಿಸಿದಾಗ, ನನ್ನ ಗಂಟಲೂ ಕಟ್ಟಿತು. ಫೆಬ್ರುವರಿಯಲ್ಲಿ ನಾನು ಕತ್ತರಿಸಿ ಅಳೆದ ಚಿತ್ರದ ಆ ತಂದೆ ಆಗ ಕಣ್ಣ ಮುಂದೆ ಬಂದ. ಎದ್ದು ಹೊಲದ ಕಡೆ ಹೋಗಿ, ಬದುವಿನ ಮೇಲೆ ಕುಳಿತು ಅತ್ತೆ. ಆ ವರ್ಷ ಮಳೆ ಕೈಕೊಟ್ಟು ನಮ್ಮ ರಾಗಿ ಮೊಳಕಾಲೆತ್ತರಕ್ಕೇ ಬಾಡಿ ನಿಂತಿತ್ತು.

14ರ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಟ್ಟೆವು. 16ರ ಸಂಜೆ ಡೆಸ್ಕ್‌ಗೆ ಹಿಂದಿರುಗಿದಾಗ ಲಾಂಗ್ ಬುಕ್‌ನಲ್ಲಿ ಬೇರೆ ಕೈಬರಹದ ಹನ್ನೊಂದು ಪುಟಗಳು ಸೇರಿದ್ದವು. ಇಸ್ರೇಲ್‌ನ ಕಿಬುಟ್ಜ್ ಎಂಬ ಸಾಮುದಾಯಿಕ ಹಳ್ಳಿಗಳ ಹೆಸರು, ಗಾಜಾ ಮತ್ತು ಈಜಿಪ್ಟ್ ನಡುವಿನ ರಫಾ ಗಡಿಯ ವಿವರ, ಯಾವ ದೇಶದಲ್ಲಿ ನಮ್ಮ ರಾಜ್ಯದ ಯಾವ ಜಿಲ್ಲೆಯವರು ಹೆಚ್ಚಾಗಿದ್ದಾರೆ ಎಂಬ ಪಟ್ಟಿ. ಮರುದಿನ, 17ರ ರಾತ್ರಿ, ಗಾಜಾದ ಅಲ್ ಅಹ್ಲಿ ಆಸ್ಪತ್ರೆಯಲ್ಲಿ ಸ್ಫೋಟದ ಸುದ್ದಿ ಬಂತು. 500 ಎಂಬ ಅಂಕಿ ಬಂತು, ದಾಳಿ ಯಾರದೆಂಬುದಕ್ಕೆ ಎರಡು ಕಡೆಯಿಂದ ಎರಡು ಹೇಳಿಕೆ ಬಂದವು. ಅಂಕಿಯ ಜೊತೆ ‘ಗಾಜಾ ಆರೋಗ್ಯ ಸಚಿವಾಲಯ’ ಎಂದು ಶೀರ್ಷಿಕೆಯಲ್ಲೇ ಬರೆದು, ಎರಡೂ ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ಪುಟ ಬಿಟ್ಟೆ. ಎದುರಿನ ಮೇಜಿನಿಂದ ಸಹೋದ್ಯೋಗಿ ಎದ್ದು ಬಂದು, ತಾನು ವಾರದ ರಜೆ ರದ್ದು ಮಾಡಿ ನಾಳೆ ಬರಲೇ ಎಂದು ಕೇಳಿದರು. ಬೇಡ ಎಂದೆ. ಡ್ಯೂಟಿ ಚಾರ್ಟ್‌ನಲ್ಲಿ ಅವರ ಹೆಸರಿನ ಮುಂದೆ ಇದ್ದ ‘ರಜೆ’ ಎಂಬ ಪದ ಹಾಗೆಯೇ ಉಳಿಯಿತು.