ಯಾರೂ ಬಳಸದೆ ಹೋಗುವ ನೀರು: ಸೋರಿಕೆ ಹಿಡಿದು ನಿಲ್ಲಿಸುವ ನನ್ನ ಕ್ರಮ

ನೀರು ಉಳಿಸಬೇಕು ಅಂದಾಗ ಹೆಚ್ಚಿನವರು ಮೊದಲು ಕೈಹಾಕುವುದು ಬಳಕೆಗೆ. ಸ್ನಾನಕ್ಕೆ ಅರ್ಧ ಬಕೆಟ್ ಕಮ್ಮಿ, ನೆಲ ಒರೆಸಲು ಒಂದು ಚೊಂಬು ಕಮ್ಮಿ. ನಾನು ಹಿಡಿದದ್ದು ಯಾರೂ ಬಳಸದೆ ಹರಿದುಹೋಗುವ ನೀರನ್ನು. ಅದನ್ನು ನಿಲ್ಲಿಸಲು ಮನೆಯವರ ಯಾವ ಅಭ್ಯಾಸವೂ ಬದಲಾಗಬೇಕಿಲ್ಲ.

ಅಳತೆಯಿಂದ ಶುರು ಮಾಡಬೇಕು. ಓವರ್‌ಹೆಡ್ ಟ್ಯಾಂಕ್ ಇರುವ ಮನೆಯಲ್ಲಿ ಮೀಟರ್ ನೋಡಿದರೆ ಸಾಲದು, ಟ್ಯಾಂಕ್ ತುಂಬುವಾಗ ಮಾತ್ರ ಅದು ಓಡುತ್ತದೆ. ರಾತ್ರಿ ಪಂಪ್ ನಿಲ್ಲಿಸಿ, ಟ್ಯಾಂಕಿಗೆ ಬರುವ ವಾಲ್ವ್ ಮುಚ್ಚಿ, ಬಾಯಿಯ ಅಂಚಿನಿಂದ ನೀರಿನ ಮಟ್ಟದವರೆಗೆ ಸ್ಟೀಲ್ ಟೇಪಿನಲ್ಲಿ ಅಳೆದೆ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಅದೇ ಜಾಗದಲ್ಲಿ ಮತ್ತೆ ಅಳತೆ. ರಾತ್ರಿ ಎದ್ದವರ ಬಳಕೆಗೆ ಬಚ್ಚಲಿನಲ್ಲಿ ಎರಡು ಬಕೆಟ್ ತುಂಬಿಡಬೇಕು, ಇಲ್ಲದಿದ್ದರೆ ಒಂದು ಫ್ಲಶ್ ಇಡೀ ಲೆಕ್ಕ ಕೆಡಿಸುತ್ತದೆ.

ಸೆಂಟಿಮೀಟರನ್ನು ಲೀಟರ್ ಮಾಡುವುದು ಸುಲಭ. ಟ್ಯಾಂಕಿನ ಸುತ್ತಳತೆ 345 ಸೆಂ.ಮೀ. ಇದ್ದರೆ, 3.14ರಿಂದ ಭಾಗಿಸಿದಾಗ ವ್ಯಾಸ ಸುಮಾರು 110 ಸೆಂ.ಮೀ. ಅಂಥ ಟ್ಯಾಂಕಿನಲ್ಲಿ ಮಟ್ಟ 1 ಸೆಂ.ಮೀ. ಇಳಿದರೆ 9.5 ಲೀಟರ್ ಹೋಗಿದೆ ಎಂದರ್ಥ. 8 ಗಂಟೆಯಲ್ಲಿ 4 ಸೆಂ.ಮೀ. ಇಳಿದಿದ್ದರೆ 38 ಲೀಟರ್, ಅದೇ ವೇಗದಲ್ಲಿ ದಿನಕ್ಕೆ 114 ಲೀಟರ್. ಮರುರಾತ್ರಿ ಟ್ಯಾಂಕಿನಿಂದ ಹೊರಡುವ ವಾಲ್ವ್ ಮುಚ್ಚಿ ಅಳೆಯಬೇಕು. ಆಗಲೂ ಇಳಿದರೆ ಟ್ಯಾಂಕೇ ಬಿರುಕು ಬಿಟ್ಟಿದೆ ಅಥವಾ ವಾಲ್ವ್ ಹಿಡಿಯುತ್ತಿಲ್ಲ. ಇಳಿಯದಿದ್ದರೆ ರಾತ್ರಿಗೊಂದು ಬಚ್ಚಲಿನ ವಾಲ್ವ್ ಮುಚ್ಚುತ್ತಾ ಹೋದರೆ ಸೋರುವ ಜಾಗ ಸಿಕ್ಕಿಬೀಳುತ್ತದೆ.

ಬಹುಪಾಲು ಸಲ ಅದು ಕಮೋಡಿನ ಫ್ಲಶ್ ಟ್ಯಾಂಕೇ. ಕಮೋಡಿನ ಗೋಡೆಗೆ ಅಂಟಿಕೊಂಡು ಇಳಿಯುವ ನೀರಿಗೆ ಸದ್ದೂ ಇಲ್ಲ, ತೊಟ್ಟಿಕ್ಕುವ ಹನಿಯೂ ಇಲ್ಲ. ಹಾಗಾಗಿ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಫ್ಲಶ್ ಟ್ಯಾಂಕಿಗೆ ಆಹಾರದ ಬಣ್ಣ ಒಂದು ಚಮಚ ಕದಡಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ಸೋರಿಕೆ ಖಚಿತ. ಸೋರುವುದು ತಳದಿಂದಲೋ, ಹೆಚ್ಚಾದ ನೀರು ಕಮೋಡಿಗೆ ಇಳಿಯುವ ಮೇಲಿನ ಓವರ್‌ಫ್ಲೋ ಪೈಪಿನಿಂದಲೋ ತಿಳಿಯಲು ಆಂಗಲ್ ಕಾಕ್ (ಗೋಡೆಯಿಂದ ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಚಿಕ್ಕ ನಲ್ಲಿ) ಮುಚ್ಚಿ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಮಟ್ಟ ಗೆರೆಗಿಂತ ಇಳಿಯುತ್ತಲೇ ಹೋದರೆ ತಳದ ವಾಷರ್ ಹೋಗಿದೆ. ಓವರ್‌ಫ್ಲೋ ಪೈಪಿನ ಬಾಯಿಯವರೆಗೆ ಇಳಿದು ಅಲ್ಲೇ ನಿಂತರೆ ತಪ್ಪು ನೀರು ತುಂಬುವ ವಾಲ್ವಿನದ್ದು.

ವಾಷರ್ ಕೆಲಸ ಹೀಗೆ. ಆಂಗಲ್ ಕಾಕ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ, ನಡುವಿನ ಫ್ಲಶ್ ವಾಲ್ವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಹೆಚ್ಚಿನ ಮಾದರಿಗಳಲ್ಲಿ ಅದು ಮೇಲಕ್ಕೆ ಬರುತ್ತದೆ. ಅದರ ಬುಡದಲ್ಲಿ ತೆಳ್ಳಗಿನ ಸಿಲಿಕೋನ್ ಉಂಗುರವಿದೆ, ಅದೇ ವಾಷರ್. ಅದು ಕೂರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ತರಿತರಿ ಅನ್ನಿಸಿದರೆ ಗಡಸು ನೀರಿನ ಸುಣ್ಣ ಕಟ್ಟಿದೆ. ವಿನೆಗರಿನಲ್ಲಿ ನೆನೆಸಿದ ಬಟ್ಟೆಯನ್ನು ಅರ್ಧ ಗಂಟೆ ಅದರ ಮೇಲಿಟ್ಟು ಒರೆಸಿದರೆ ಬಿಡುತ್ತದೆ. ಚಾಕುವಿನಿಂದ ಕೆರೆದರೆ ಗೀರು ಬಿದ್ದು, ಎಷ್ಟು ಹೊಸ ವಾಷರ್ ಹಾಕಿದರೂ ಸೋರುತ್ತದೆ. ಹೊಸದರ ಹೊರವ್ಯಾಸ, ದಪ್ಪ ಎರಡೂ ಹಳೆಯದಕ್ಕೆ ಹೊಂದಬೇಕು. ಜೋಡಿಸಿದ ಮೇಲೂ ಸೋರಿದರೆ ಬಟನ್ನಿನ ಕಡ್ಡಿ ನೋಡಿ. ಅದು ಉದ್ದವಾಗಿದ್ದರೆ ವಾಲ್ವನ್ನು ಸದಾ ಒತ್ತಿಹಿಡಿದಿರುತ್ತದೆ, ವಾಷರ್ ಪೂರ್ತಿ ಕೂರುವುದೇ ಇಲ್ಲ. ಎರಡು ಮಿಲಿಮೀಟರ್ ಸಡಿಲ ಇರಲಿ. ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಬಿಲ್ಲೆಗಳನ್ನು ಖಂಡಿತ ಬಳಸಬೇಡಿ, ರಬ್ಬರನ್ನು ಅವು ಬೇಗ ತಿಂದುಹಾಕುತ್ತವೆ.

ಓವರ್‌ಫ್ಲೋ ಆಗುತ್ತಿದ್ದರೆ ಫ್ಲೋಟಿನ (ನೀರಿನೊಡನೆ ತೇಲಿ ಏರಿಳಿಯುವ ಭಾಗದ) ಸ್ಕ್ರೂ ತಿರುಗಿಸಿ, ಪೈಪಿನ ಬಾಯಿಗಿಂತ 2.5 ಸೆಂ.ಮೀ. ಕೆಳಗೆ ನೀರು ನಿಲ್ಲುವಂತೆ ಮಾಡಿದರಾಯಿತು. ಆದರೂ ನಿಲ್ಲದಿದ್ದರೆ ಒಳಗೆ ಮರಳಿನ ಕಣ ಸಿಕ್ಕಿಕೊಂಡಿದೆ, ವಾಲ್ವ್ ಬಿಚ್ಚಿ ತೊಳೆಯಬೇಕು. ಪ್ರತಿ ಸಲ ನೀರು ಕಮ್ಮಿ ಹೋಗಲೆಂದು ಫ್ಲಶ್ ಟ್ಯಾಂಕಿನಲ್ಲಿ ಇಟ್ಟಿಗೆ ಇಡುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಅದು ನೆನೆದು ಪುಡಿಯಾಗಿ ಇದೇ ವಾಷರಿನಡಿ ಸೇರುತ್ತದೆ.

ತೊಟ್ಟಿಕ್ಕುವ ನಲ್ಲಿಯ ನಷ್ಟವನ್ನೂ ಅಂದಾಜಿಗೆ ಬಿಡಬೇಡಿ. ಕೆಳಗೆ ಲೋಟ ಇಟ್ಟು 10 ನಿಮಿಷ ಹಿಡಿದರೆ 100 ಮಿ.ಲೀ. ಬಂತು ಅನ್ನಿ, ದಿನಕ್ಕೆ 14.4 ಲೀಟರ್. ಹಳೆಯ ಮಾದರಿಯ, ಹಲವು ಸುತ್ತು ತಿರುಗಿಸುವ ನಲ್ಲಿಗೆ ರಬ್ಬರ್ ವಾಷರ್ ಸಾಕು. ಅದನ್ನು ಬಲವಾಗಿ ಬಿಗಿಯುವುದರಿಂದಲೇ ವಾಷರ್ ಬೇಗ ಕತ್ತರಿಸಿಹೋಗುತ್ತದೆ. ಕಾಲು ಸುತ್ತಿನ ನಲ್ಲಿಯಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಜ್, ನೀರನ್ನು ಬಿಟ್ಟು ನಿಲ್ಲಿಸುವ ಒಳಭಾಗ. ಅದರ ಎತ್ತರ ಮತ್ತು ಹಲ್ಲುಗಳ ಎಣಿಕೆ ಬೇರೆಬೇರೆ ಇರುವುದರಿಂದ ಕೊಳ್ಳುವಾಗ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗಿ.

ಇದಾದ ಮೇಲಷ್ಟೇ ಏರಿಯೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸಲು ನಲ್ಲಿಯ ಬಾಯಿಗೆ ಹಾಕುವ ಜಾಲರಿ. 10 ಲೀಟರ್ ಬಕೆಟ್ 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್ ಹರಿವು. ಕೈತೊಳೆಯುವ ಸಿಂಕಿಗೆ ನಿಮಿಷಕ್ಕೆ 4 ಲೀಟರ್, ಪಾತ್ರೆ ತೊಳೆಯುವಲ್ಲಿಗೆ 6 ಲೀಟರ್ ಸಾಕು. ನಲ್ಲಿಯ ಬಾಯಿಗೆ ಒಳಥ್ರೆಡ್ ಇದ್ದರೆ 24 ಮಿ.ಮೀ.ನದು, ಹೊರಥ್ರೆಡ್ ಇದ್ದರೆ 22 ಮಿ.ಮೀ.ನದು ಸಾಮಾನ್ಯವಾಗಿ ಹೊಂದುತ್ತದೆ. ಬಕೆಟ್ ತುಂಬಿಸುವ ನಲ್ಲಿಗೆ ಮಾತ್ರ ಹಾಕಬೇಡಿ, ಬಕೆಟಿಗೆ ಬೇಕಾದ ನೀರು ಅಷ್ಟೇ, ಕಾಯುವುದೊಂದು ಹೆಚ್ಚು. ಗ್ಯಾಸ್ ಗೀಸರಿನ ಷವರಿಗೆ ಹಾಕುವಾಗಲೂ ಎಚ್ಚರ, ಹರಿವು ತೀರಾ ತಗ್ಗಿದರೆ ಗೀಸರ್ ಹೊತ್ತಿಕೊಳ್ಳುವುದಿಲ್ಲ.

ಬಿಸಿನೀರು ಬರುವವರೆಗೆ ಬಿಡುವ ತಣ್ಣೀರಿಗೂ ಲೆಕ್ಕವಿದೆ. ಒಳವ್ಯಾಸ 20 ಮಿ.ಮೀ. ಇರುವ ಪೈಪಿನ 10 ಮೀಟರಿನಲ್ಲಿ 3.1 ಲೀಟರ್ ನಿಂತಿರುತ್ತದೆ, 15 ಮಿ.ಮೀ. ಪೈಪಿನಲ್ಲಾದರೆ 1.8 ಲೀಟರ್. ಅಷ್ಟನ್ನು ಬಕೆಟಿಗೆ ಹಿಡಿದರೆ ಮುಗಿಯಿತು.

ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಿಸಿದ ನೀರು ನೆಲಕ್ಕೆ, ಕಮೋಡಿಗೆ ಒದಗುತ್ತದೆ. ಅದನ್ನು ಅಂದೇ ಬಳಸಿ, ಮರುದಿನಕ್ಕೆ ನಾರುತ್ತದೆ. ಹಿಡಿಯುವಾಗ ಹೊರಪೈಪನ್ನು ನೆಲದ ಮಟ್ಟಕ್ಕೆ ಇಳಿಬಿಡಬಾರದು. ಡ್ರಮ್ಮಿಗಿಂತ ಕೆಳಗಿದ್ದರೆ ಸೈಫನ್ ಆಗಿ, ಮೆಷಿನ್ ತುಂಬುತ್ತಿರುವಾಗಲೇ ನೀರು ಹೊರಗೆ ಹೋಗಿ, ಅದು ತುಂಬುತ್ತಲೇ ಇರುತ್ತದೆ. ಆರ್‌ಒ ಫಿಲ್ಟರಿನ ಬಿಡುನೀರೂ ಹೀಗೇ ನೆಲಕ್ಕೆ ಸರಿ. ಕುಂಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂಡುತ್ತದೆ.

ರಾತ್ರಿಯ ಅಳತೆಯನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಮಾಡುತ್ತೇನೆ. ವಾಷರ್ ಬದಲಿಸಿದ ದಿನಾಂಕ ಮತ್ತು ಅದರ ಅಳತೆಯನ್ನು ಫ್ಲಶ್ ಟ್ಯಾಂಕಿನ ಮುಚ್ಚಳದ ಒಳಮೈಗೆ ಮಾರ್ಕರಿನಲ್ಲಿ ಬರೆದಿಟ್ಟರೆ, ಮುಂದಿನ ಸಲ ಬಿಚ್ಚುವ ಮೊದಲೇ ಸರಿಯಾದ ಅಳತೆಯದು ತಂದಿಟ್ಟುಕೊಳ್ಳಬಹುದು.